ನಮ್ಮೂರ ಸಾಣೆ

ಹುಡುಗ ಮತ್ತೆ ಬಿದ್ದ.

ಈ ಸಲ ಯಾರೂ ಕೋಲಿನಿಂದ ರಬ್ಬರ್ ಬಿಲ್ಲೆ ಹೊಡೆದಿರಲಿಲ್ಲ, ಯಾರೂ ಮೈಮೇಲೆ ಬಂದಿರಲಿಲ್ಲ. ಐಸ್ ಹಾಕಿ ಪಂದ್ಯಕ್ಕೆ ಮುಂಚಿನ ಅಭ್ಯಾಸ, ಅವನು ಗೋಲು ಕಾಯುವ ಗೋಲಿ. ಗೋಲಿನ ಎಡಗಂಬದಿಂದ ಬಲಗಂಬಕ್ಕೆ ಜಾರಬೇಕಿದ್ದವನು, ಕೆಳಗಿಂದ ಯಾರೋ ಕಾಲು ಹಿಡಿದೆಳೆದ ಹಾಗೆ ಅರ್ಧದಲ್ಲೇ ಮುಗ್ಗರಿಸಿ, ದಪ್ಪ ಪ್ಯಾಡುಗಳ ಸಮೇತ ಪಕ್ಕಕ್ಕೆ ಉರುಳಿದ. ಗ್ಯಾಲರಿಯಲ್ಲಿ ಗೊಳ್ಳೆಂಬ ನಗು ಎದ್ದಿತು.

"ಲಿಥುವೇನಿಯಾದಲ್ಲಿ ಗೋಲಿಗಳಿಗೆ ನಿಂತ್ಕೊಳ್ಳೋದು ಹೇಳ್ಕೊಡಲ್ವೇನ್ರೋ?"

"ಪಾಪ, ಒಂದು ಕುರ್ಚಿ ಹಾಕ್ಕೊಡ್ರಪ್ಪ!"

ಗಾಜಿನ ಗೋಡೆಗೆ ಒರಗಿ ನಿಂತಿದ್ದ ಇಲ್ಕಾ ಕೂಡ ನಕ್ಕಳು. ಬೆಳಿಗ್ಗೆ ಆರರಿಂದ ಆಟಗಾರರ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತ ನಿಂತಿದ್ದವಳು ಈಗಷ್ಟೇ ಹಂದಿಕೊಬ್ಬು ಸವರಿದ ಬ್ರೆಡ್ಡಿನ ಮೇಲೆ ಈರುಳ್ಳಿ ಹೆಚ್ಚಿಕೊಂಡು ಬಂದಿದ್ದಳು. ಹಸಿರು ಅಂಗಿಯ ಹುಡುಗ ಎದ್ದ, ಮೊಣಕಾಲು ಕೊಡವಿಕೊಂಡ, ಇನ್ನೊಮ್ಮೆ ಪ್ರಯತ್ನಿಸಿದ. ಈ ಸಲ ಇಲ್ಕಾ ಅವನ ಮುಖವನ್ನಲ್ಲ, ಪಾದ ನೋಡಿದಳು. ಬಲಗಾಲಿನ ಒಳಅಂಚು ಮಂಜನ್ನು ಕಚ್ಚಿತು. ಕಚ್ಚಿದ್ದು ಬಿಡಲಿಲ್ಲ. ಬಿಳಿ ಪುಡಿ ಚಿಮ್ಮಿತು. ಆ ಕಚ್ಚುವಿಕೆ ಅವಳಿಗೆ ಗೊತ್ತಿತ್ತು. ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತುಬಿಟ್ಟಿತು.

ಸ್ಕೇಟಿನ ಅಲಗು ಚಾಕುವಿನಂತೆ ಚೂಪಲ್ಲ. ಅದರ ಅಡಿಯ ಉದ್ದಕ್ಕೂ ಒಂದು ತೋಡು ಇರುತ್ತದೆ. ತೋಡು ಆಳವಾದಷ್ಟೂ ಎರಡು ಅಂಚುಗಳು ಮಂಜನ್ನು ಗಟ್ಟಿಯಾಗಿ ಹಿಡಿಯುತ್ತವೆ. ಓಡುವ ಆಟಗಾರನಿಗೆ ಅದು ಬೇಕು. ಪಕ್ಕಕ್ಕೆ ಜಾರುತ್ತಲೇ ಬದುಕಬೇಕಾದ ಗೋಲಿಗೆ ಬೇಡ. ಅವನ ತೋಡಿನ ಆಳ ಇದೆಯೋ ಇಲ್ಲವೋ ಅನ್ನುವಷ್ಟಿರಬೇಕು. ಎಲ್ಲ ಕಡೆಯೂ ಹೀಗೇ, ಇಲ್ಕಾಳ ಊರು ಚೀಕ್‌ಸೆರೆದಾ ಒಂದನ್ನು ಬಿಟ್ಟು. ಇಲ್ಕಾಳ ಅಪ್ಪ ಗಾಶ್ಪಾರ್ ಬಯಲಿನ ಅಂಗಣದ ಪಕ್ಕ ಹಲಗೆಯ ಗೂಡೊಂದರಲ್ಲಿ ಸಾಣೆ ಹಿಡಿಯುತ್ತಿದ್ದ ಕಾಲಕ್ಕೆ ಜನವರಿಯಲ್ಲಿ ಮಂಜು ಕಲ್ಲಾಗಿರುತ್ತಿತ್ತು. ಆಳದ ತೋಡಿಲ್ಲದೆ ಗೋಲಿಗಳಿಗೂ ಅದರ ಮೇಲೆ ನಿಲ್ಲಲಾಗುತ್ತಿರಲಿಲ್ಲ. ಆಮೇಲೆ ಛಾವಣಿ ಬಂತು, ಯಂತ್ರದ ಮೆತ್ತನೆಯ ಮಂಜು ಬಂತು, ಆದರೂ ಊರಿನ ಗೋಲಿಗಳು ಮಾತ್ರ ಆ ಆಳ ಬಿಡಲಿಲ್ಲ. ಅದಕ್ಕೆ 'ನಮ್ಮೂರ ಸಾಣೆ' ಎಂದೇ ಹೆಸರು. ಹೊರಗಿನ ಗೋಲಿ ಬಂದರೆ ಇಲ್ಕಾ ಮೊದಲು ಎಷ್ಟು ಆಳ ಬೇಕೆಂದು ಕೇಳುತ್ತಿದ್ದಳು, ಅದಕ್ಕೆ ತಕ್ಕಂತೆ ಸಾಣೆಚಕ್ರದ ಅಂಚನ್ನು ವಜ್ರದ ಮೊನೆಯಲ್ಲಿ ಹೊಸದಾಗಿ ಕೆತ್ತುತ್ತಿದ್ದಳು, ಆಮೇಲಷ್ಟೇ ಅಲಗು ಮುಟ್ಟುತ್ತಿದ್ದಳು.

ಲಿಥುವೇನಿಯಾದವರ ಸಾಣೆಯಂತ್ರ ದಾರಿಯಲ್ಲೇ ಕೆಟ್ಟಿತ್ತು. ಇವತ್ತು ಬೆಳಿಗ್ಗೆ ಅವರ ಇಪ್ಪತ್ತೆರಡು ಜೊತೆ ಸ್ಕೇಟುಗಳು ಅವಳ ಕೋಣೆಗೆ ಬಂದವು. ಗೋಲಿಯದು ಕಟ್ಟಕಡೆಗೆ. ಅವಳು ಕೇಳಲಿಲ್ಲ, ಚಕ್ರವನ್ನೂ ಕೆತ್ತಲಿಲ್ಲ. ತಮ್ಮನ ಮಗ ಬೋಟೊಂಡ್ ಸಂಜೆ ಹೇಗೆ ಆಡುತ್ತಾನೋ ಎಂದು ಯೋಚಿಸುತ್ತಿದ್ದಳು. ಕೈ ತನ್ನ ಪಾಡಿಗೆ ಊರಿನ ದಾರಿ ಹಿಡಿದಿತ್ತು.

ಹದಿನೆಂಟರೊಳಗಿನವರ ಚಾಂಪಿಯನ್‌ಶಿಪ್ಪಿನ ಕೊನೆಯ ಪಂದ್ಯ ಇದು. ಗೆದ್ದವರು ಮೇಲಿನ ವರ್ಗಕ್ಕೆ. ರೊಮೇನಿಯಾದ ಹಳದಿ ಅಂಗಿಯಲ್ಲಿರುವ ಅರ್ಧಕ್ಕರ್ಧ ಹುಡುಗರು ಇದೇ ಊರಿನವರು. ಎದುರಾಳಿಯ ಗೋಲಿ ನಿಲ್ಲಲಾರದೆ ಬೀಳುತ್ತಿದ್ದಾನೆ, ಅವನ ಅಲಗು ಮುಟ್ಟಿದ ಕೈ ಊರಿನ ಹೆಂಗಸಿನದು. ಮರೆವು ಎಂದರೆ ಯಾರು ನಂಬುತ್ತಾರೆ? ಇಲ್ಕಾಳ ಬಾಯಿ ಕೆಟ್ಟದ್ದು ಎನ್ನುವವರಿದ್ದರು, ಗಂಡ ಬಿಟ್ಟವಳು ಎನ್ನುವವರಿದ್ದರು. ಮೂವತ್ತೊಂದು ವರ್ಷದಲ್ಲಿ ಅವಳ ಕೈಯ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡಿರಲಿಲ್ಲ.

ಆಟಗಾರರು ಅಭ್ಯಾಸ ಮುಗಿಸಿ ಒಳಗೆ ಹೋಗತೊಡಗಿದ್ದರು. ಇನ್ನು ಮಂಜು ಸರಿಮಾಡುವ ಗಾಡಿ ಸುತ್ತು ಹಾಕಬೇಕು, ಆಮೇಲೆ ಆಟ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇಲ್ಕಾ ಬ್ರೆಡ್ಡನ್ನು ಕಸದ ಡಬ್ಬಿಗೆ ಎಸೆದು ಓಡಿದಳು.

ಕೋಣೆಗಳ ನಡುವಿನ ಓಣಿಯಲ್ಲಿ ಅವಳ ತಮ್ಮ, ಬೋಟೊಂಡ್‌ನ ಅಪ್ಪ ದೇನೆಶ್ ಸಿಕ್ಕಿದ. ಊರ ತಂಡದ ಸಾಮಾನು ನೋಡಿಕೊಳ್ಳುವವನು ಅವನು. ಕಂಕುಳಲ್ಲಿ ಹತ್ತು ಹಾಕಿ ಕೋಲು.

"ಏನಕ್ಕ ಇದು ಓಟ? ಕರಡಿ ಬಂತಾ?"

"ಆ ಗೋಲಿ ಹುಡುಗಂದು ಸ್ಕೇಟು, ದೇನೆಶ್. ನಮ್ಮೂರ ಸಾಣೆ ಹಿಡಿದುಬಿಟ್ಟಿದೀನಿ."

ದೇನೆಶ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. ನಗು ನಿಂತ ಮೇಲೆ ಆಚೀಚೆ ನೋಡಿ, ಅವಳ ತೋಳು ಹಿಡಿದು ಕಾಫಿ ಯಂತ್ರದ ಹಿಂದಕ್ಕೆ ಎಳೆದುಕೊಂಡ.

"ಯಾರಿಗ್ ಗೊತ್ತು?"

"ನಂಗ್ ಗೊತ್ತು."

"ಬೇರೆ ಯಾರಿಗೆ ಅಂದೆ."

"ಈಗ ಹೋಗಿ ಹೇಳ್ತೀನಿ, ಅವ್ರಿಗೂ ಗೊತ್ತಾಗುತ್ತೆ."

"ತಲೆ ನೆಟ್ಟಗಿದೆಯಾ ನಿಂಗೆ?" ದೇನೆಶ್ ದನಿ ತಗ್ಗಿಸಿದ. "ನೀನೇನು ಬೇಕಂತ ಮಾಡಿದ್ಯಾ? ಇಲ್ಲ. ನಾನೇನು ಹೇಳಿ ಮಾಡಿಸಿದ್ನಾ? ಅದೂ ಇಲ್ಲ. ದೇವ್ರೇ ನಿನ್ನ ಕೈ ಹಿಡಿದು ಮಾಡಿಸಿದ ಅಂದ್ಕೋ, ಸುಮ್ನೆ ಕೂತ್ಕೋ."

"ದೇವ್ರಾಗಿದ್ರೆ ಕೇಳಿ ಹಿಡೀತಿದ್ದ ಸಾಣೆ."

"ಅಕ್ಕ, ಬೋಟೊಂಡ್‌ಗೆ ಇದೇ ಕೊನೇ ವರ್ಷ. ಮುಂದಿನ ಸಲ ಅವನಿಗೆ ವಯಸ್ಸು ದಾಟಿರುತ್ತೆ."

"ಅದಕ್ಕೇ ಹೇಳ್ತಿರೋದು. ಕಾಲು ಕಟ್ಟಿದೋನ ಮುಂದೆ ಗೋಲು ಹೊಡ್ದ ಅನ್ನಿಸ್ಕೋಬೇಕಾ ನನ್ನಳಿಯ?"

"ನೀನು ಬಾಯ್ಬಿಟ್ರೆ ತಾನೇ ಅನ್ನೋದು!"

"ದಾರಿ ಬಿಡು."

ಅವನು ಬಿಡಲಿಲ್ಲ. ಕೋಲುಗಳನ್ನು ಅಡ್ಡ ಹಿಡಿದು ನಿಂತ. ಚಿಕ್ಕಂದಿನಲ್ಲೂ ಹೀಗೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಅವಳು ಆಗ ಮಾಡುತ್ತಿದ್ದುದನ್ನೇ ಈಗಲೂ ಮಾಡಿದಳು. ಪಾದ ತುಳಿದಳು. ಅವನು ಕುಂಟುತ್ತ ಹಿಂದೆ ಸರಿದು ಕೂಗಿದ. "ಹೋಗು, ಹೋಗು! ಆಟಕ್ಕೆ ಕಾಲು ಗಂಟೆ ಇರುವಾಗ ನಿನ್ನ ಕೈಗೆ ಸ್ಕೇಟು ಕೊಡೋಕೆ ಅವ್ರೇನು ಹುಚ್ಚರಾ?"

ಅದು ನಿಜವಾಗಿತ್ತು. ಲಿಥುವೇನಿಯಾದವರ ಕೋಣೆಯ ಬಾಗಿಲು ತೆರೆದದ್ದು ವೈದೋತಾಸ್. ಅವರ ತಂಡದ ಸಾಮಾನಿನ ಉಸ್ತುವಾರಿ. ಬೋಳುತಲೆಯ ದೊಡ್ಡ ಆಳು. ಬೆಳಿಗ್ಗೆ ಸ್ಕೇಟುಗಳ ಪೆಟ್ಟಿಗೆ ತಂದಿಟ್ಟವನೂ ಅವನೇ. ಇಬ್ಬರಿಗೂ ಬರುತ್ತಿದ್ದ ಇಂಗ್ಲಿಷು ಒಂದು ಅಂಗೈಯಲ್ಲಿ ಹಿಡಿಸುವಷ್ಟು.

"ಸ್ಕೇಟು. ಗೋಲಿ. ನನಗೆ ಕೊಡು. ಬೇಗ."

"ಯಾಕೆ?"

"ಕೆಟ್ಟದು. ನಾನು ಕೆಟ್ಟದು ಮಾಡಿದೆ."

ವೈದೋತಾಸ್ ಅವಳ ಮುಖ ನೋಡಿದ, ಆಮೇಲೆ ಅವಳ ಜಾಕೆಟ್ಟಿನ ಮೇಲಿದ್ದ ಊರ ಕ್ಲಬ್ಬಿನ ಲಾಂಛನ ನೋಡಿದ.

"ಇಲ್ಲ. ಆಟ, ಹದಿನೈದು ನಿಮಿಷ. ಧನ್ಯವಾದ. ಇಲ್ಲ."

ಮುಚ್ಚುತ್ತಿದ್ದ ಬಾಗಿಲಿಗೆ ಇಲ್ಕಾ ಕಾಲು ಕೊಟ್ಟಳು. ಒಳಗೆ ಬೆಂಚಿನ ತುದಿಯಲ್ಲಿ ಆ ಹುಡುಗ ಕೂತಿದ್ದ. ಹದಿನಾರೋ ಹದಿನೇಳೋ. ಯಾರೋ ಚೆನ್ನಾಗಿ ಬೈದಿದ್ದರು, ಕಿವಿ ಕೆಂಪಗಾಗಿತ್ತು. ಒಂದು ಸ್ಕೇಟು ಬಿಚ್ಚಿ ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇಲ್ಕಾ ವೈದೋತಾಸನ ತೋಳಿನ ಕೆಳಗಿಂದಲೇ ತನ್ನ ಹೆಬ್ಬೆರಳು ಎತ್ತಿ ತೋರಿಸಿ, ಉಗುರನ್ನು ಗಾಳಿಯಲ್ಲಿ ಅಡ್ಡಕ್ಕೆ ಎಳೆದಳು. ಹುಡುಗನಿಗೆ ಅರ್ಥವಾಯಿತು. ತನ್ನ ಉಗುರನ್ನು ಅಲಗಿನ ಅಂಚಿಗೆ ತಾಗಿಸಿ ಎಳೆದ. ಮರಗೆಲಸದವನ ಹತ್ತರಿಯಿಂದ ಎದ್ದ ಹಾಗೆ ಉಗುರಿನ ಬಿಳಿ ಸಿಪ್ಪೆಯೊಂದು ಸುರುಳಿಯಾಗಿ ಎದ್ದಿತು. ತಲೆ ಎತ್ತಿ ಅವಳನ್ನು ನೋಡಿದ. ಅಂಗೈಯನ್ನು ಚಪ್ಪಟೆ ಮಾಡಿ ಪಕ್ಕಕ್ಕೆ ಜಾರಿಸಿ ತೋರಿಸಿದ: ಹೀಗಾ? ಇಲ್ಕಾ ತಾನೂ ಅಂಗೈ ಜಾರಿಸಿ ತಲೆಯಾಡಿಸಿದಳು: ಹೀಗೆ.

ಹುಡುಗ ಇನ್ನೊಂದು ಸ್ಕೇಟಿನ ದಾರ ಬಿಚ್ಚತೊಡಗಿದ.

"ಇಗ್ನಾಸ್!" ಎಂದು ಗದರಿಸಿ ವೈದೋತಾಸ್ ತಮ್ಮ ಭಾಷೆಯಲ್ಲಿ ಏನೇನೋ ಹೇಳಿದ. ಹುಡುಗ ತಲೆ ಎತ್ತದೆ ಎರಡೇ ಮಾತಿನಲ್ಲಿ ಉತ್ತರ ಕೊಟ್ಟ. ವೈದೋತಾಸ್ ನಿಟ್ಟುಸಿರುಬಿಟ್ಟು, ಎರಡೂ ಸ್ಕೇಟುಗಳನ್ನು ಹಸುಗೂಸಿನಂತೆ ಎದೆಗವುಚಿಕೊಂಡು ಅವಳ ಹಿಂದೆ ಬಂದ. ಅವಳ ಕೈಗೆ ಕೊಡಲಿಲ್ಲ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಲ್ಕಾ ವಜ್ರದ ಮೊನೆಯನ್ನು ಸರಿಮಾಡಿ ಚಕ್ರ ಕೆತ್ತಿದಳು. ಕಲ್ಲಿನ ಧೂಳು ಮೂಗಿಗೆ ಅಡರಿತು. ತೋಡಿನ ಆಳ ಕಡಿಮೆ ಮಾಡುವುದು ಎರಡು ಎಳೆತದ ಕೆಲಸವಲ್ಲ. ಒತ್ತಿ ಹಿಡಿದರೆ ಉಕ್ಕು ನೀಲಿಗಟ್ಟಿ ಸುಡುತ್ತದೆ, ಆಗ ಅಲಗೇ ಹೋಯಿತು. ನಿಧಾನ, ಎಂದು ಅವಳು ತನ್ನ ಕೈಗೆ ಹೇಳಿದಳು. ಎಂಟು ಎಳೆತ, ಒಂಬತ್ತು. ತಲೆಯ ಮೇಲೆ ಎರಡು ಸಾವಿರ ಜನ ಕಾಲು ಬಡಿಯುತ್ತಿದ್ದರು. ಮೈಕಿನಲ್ಲಿ ಊರ ಹುಡುಗರ ಹೆಸರು ಒಂದೊಂದಾಗಿ ಬರುತ್ತಿತ್ತು. ಬೋಟೊಂಡ್ ಎಂದಾಗ ಛಾವಣಿ ಹಾರಿಹೋಗುವಷ್ಟು ಕೂಗು. ಹದಿನಾಲ್ಕು ಎಳೆತ. ಮೊದಲನೆಯದು ಮುಗಿಯಿತು. ವೈದೋತಾಸ್ ಗಡಿಯಾರ ನೋಡಿ ತನ್ನ ಬೋಳುತಲೆ ಒರೆಸಿಕೊಂಡ.

ಬಾಗಿಲಲ್ಲಿ ದೇನೆಶ್ ಬಂದು ನಿಂತ. ಇಲ್ಕಾ ನೋಡಿದಳು: ಅವನ ಕೈ ಗೋಡೆಯ ಮೇಲಿನ ಕರೆಂಟಿನ ಸ್ವಿಚ್ಚಿಗೆ ಒಂದು ಗೇಣು ದೂರದಲ್ಲಿತ್ತು. ಅಲಗು ಚಕ್ರದ ಮೇಲಿತ್ತು, ಕೈ ತೆಗೆಯುವಂತಿರಲಿಲ್ಲ.

"ಅಂಗಣದ ಗೇಟಿನ ಚಿಲಕ ಸಿಕ್ಕಾಕ್ಕೊಂಡಿದೆ ಅಂತ ರೆಫರಿಗೆ ಹೇಳಿ ಬಂದಿದೀನಿ," ಎಂದ ದೇನೆಶ್. "ಮೂರು ನಿಮಿಷ. ಅದಕ್ಕಿಂತ ಜಾಸ್ತಿ ಅಂದ್ರೆ ಅವ್ನೇ ಬಂದು ನೋಡ್ತಾನೆ."

ಅವಳು ಕಣ್ಣೆತ್ತಿದಳು.

"ಏನ್ ನೋಡ್ತೀಯ ಕೋತಿ ನೋಡ್ದಂಗೆ? ಉಜ್ಜು!"

ಆಟ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಹಳದಿ ಅಂಗಿಯವನೊಬ್ಬ ಎಡಗಡೆಯಿಂದ ನುಗ್ಗಿ, ಹೊಡೆಯುವಂತೆ ಮಾಡಿ, ಬಿಲ್ಲೆಯನ್ನು ಬಲಗಡೆಗೆ ದಾಟಿಸಿದ. ಗೋಲು ಪೂರ್ತಿ ತೆರೆದಿತ್ತು. ಇಲ್ಕಾ ಮೂಲೆಯ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಇಗ್ನಾಸ್ ಬಲಗಾಲು ಒತ್ತಿದ. ಬಿಸಿ ಬಾಣಲೆಯ ಮೇಲೆ ಬೆಣ್ಣೆ ಸರಿದ ಹಾಗೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಸರಿದುಹೋದ. ಬಿಲ್ಲೆ ಅವನ ಪ್ಯಾಡಿಗೆ ಬಡಿದು ಮೂಲೆಗೆ ಸಿಡಿಯಿತು. ಎರಡು ಸಾವಿರ ಬಾಯಿಂದ ಒಟ್ಟಿಗೆ "ಛೇ!" ಎಂಬ ಸದ್ದು ಬಂತು. ಇಲ್ಕಾ ಹಿಂದಿದ್ದ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅತ್ಕೊಂಡು ನಗ್ತಿದೀಯಲ್ಲ, ಯಾರ ಕಡೆ ನೀನು?" ಎಂದ ಪಕ್ಕದ ಮುದುಕ.

"ಈರುಳ್ಳಿ ತಿಂದಿದ್ದೆ," ಎಂದಳು.

ಆಮೇಲಿನದ್ದನ್ನು ಅವಳು ಹಬ್ಬದ ಊಟ ಮುಗಿಸಿದವಳಂತೆ ನಿರಾಳವಾಗಿ ನೋಡಿದಳು. ಲಿಥುವೇನಿಯಾ ಎರಡು ಗೋಲು ಹೊಡೆಯಿತು, ಬೋಟೊಂಡ್ ಒಂದು ಹೊಡೆದ. ಇನ್ನು ನಲವತ್ತು ಸೆಕೆಂಡು ಉಳಿದಿದ್ದಾಗ ಬೋಟೊಂಡ್ ಒಬ್ಬನೇ ಗೋಲಿಯ ಎದುರು ಬಂದ. ಅವಳು ಎತ್ತಿ ಬೆಳೆಸಿದ ಹುಡುಗ. ಗೋಲಾಗಲಿ ಎಂದು ಮನಸ್ಸು ತುಂಬ ಬಯಸಿದಳು, ಯಾವ ಅಳುಕೂ ಇಲ್ಲದೆ ಬಯಸಿದಳು. ಇಗ್ನಾಸ್ ಕಾಲಿನ ತುದಿ ಚಾಚಿ ಬಿಲ್ಲೆಯನ್ನು ಹೊರಗೆ ತಳ್ಳಿದ. ಒಂದಕ್ಕೆ ಎರಡು. ಊರು ಸೋತಿತು.

ಓಣಿಯಲ್ಲಿ ಬೋಟೊಂಡ್ ಸಿಕ್ಕಿದ. ಅತ್ತು ಮುಗಿದಿತ್ತು, ಮೂಗು ಇನ್ನೂ ಸೋರುತ್ತಿತ್ತು.

"ಅತ್ತೆ, ಅವನ ಕಾಲು ನೋಡಿದ್ಯಾ? ಕಾಲಲ್ಲ ಅದು, ರಬ್ಬರು! ಆಟಕ್ಕೆ ಮುಂಚೆ ಬೀಳ್ತಿದ್ದಿದ್ದು ನಾಟಕ ನನ್ಮಗಂದು. ನಮ್ಮನ್ನ ಚೆನ್ನಾಗಿ ಏಮಾರಿಸ್ದ."

"ಮೂಗು ಒರೆಸ್ಕೋ," ಎಂದಳು ಇಲ್ಕಾ, ತನ್ನ ಕರವಸ್ತ್ರ ಕೊಟ್ಟು.

ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, ಬೂಟು ಕಳಚಿ, ಉಣ್ಣೆಯ ಕಾಲುಚೀಲದ ಪಾದಗಳನ್ನು ಇನ್ನೂ ಬೆಚ್ಚಗಿದ್ದ ಮೋಟಾರಿನ ಡಬ್ಬದ ಮೇಲೆ ಚಾಚಿ ಕೂತಳು. ಮೈಯೆಲ್ಲ ಹಗುರಾಗಿತ್ತು. ಸೀಸೆಯಲ್ಲಿದ್ದ ಬುಗ್ಗೆನೀರನ್ನು ಗಟಗಟ ಕುಡಿದು, ತೇಗಿ, ಕಣ್ಣು ಮುಚ್ಚಿದಳು.

ದೇನೆಶ್ ಬಾಗಿಲು ತಳ್ಳಿಕೊಂಡು ಬಂದ. ಟೈ ಕಟ್ಟಿದ್ದ.

"ಏಳಕ್ಕ, ಏಳು! ಆ ಬೋಳಪ್ಪ ಸಂಘಟಕರ ಹತ್ರ ಹೋಗಿ ಎಲ್ಲ ಹೇಳ್ಬಿಟ್ಟಿದಾನೆ. ಇಷ್ಟು ವರ್ಷ ಊರೂರು ತಿರುಗಿದೀನಿ, ತಪ್ಪು ಮಾಡ್ದೆ ಅಂತ ತಾನಾಗೇ ಬಂದು ಬಾಗಿಲು ತಟ್ಟಿದೋರನ್ನ ನೋಡಿಲ್ಲ ಅಂದ್ನಂತೆ. ಸಜ್ಜನಿಕೆಯ ಆಟಕ್ಕೆ ಅಂತ ಒಂದು ಫಲಕ ಇದೆಯಲ್ಲ, ಅದನ್ನ ನಿಂಗೆ ಕೊಡ್ತಾರಂತೆ. ಮಂಜಿನ ಮೇಲೆ, ಎಲ್ಲರ ಮುಂದೆ!"

"ಅದು ಆಡೋ ಹುಡುಗ್ರಿಗೆ ಕೊಡೋದು."

"ಈ ಸಲ ನಿಂಗೆ. ಕಪ್ಪಂತೂ ಹೋಯ್ತು, ಇದಾದ್ರೂ ಊರಲ್ಲಿ ಉಳೀಲಿ ಅಂತಿದಾರೆ ಎಲ್ರೂ. ರತ್ನಗಂಬಳಿ ಹಾಸಿದಾರೆ, ನೀನು ಜಾರಿ ಬೀಳಲ್ಲ."

"ಯಾವುದಕ್ಕೆ ಕೊಡ್ತಾರಂತೆ? ಕೆಡಿಸಿದ್ದಕ್ಕಾ, ಸರಿ ಮಾಡಿದ್ದಕ್ಕಾ?"

"ಎರಡಕ್ಕೂ ಸೇರಿಸಿ ಅಂದ್ಕೋ, ನಂಗೇನ್ ಗೊತ್ತು!" ದೇನೆಶ್ ಬಗ್ಗಿ ಅವಳ ಬೂಟುಗಳನ್ನು ಎತ್ತಿ ಅವಳ ಪಾದದ ಪಕ್ಕ ಜೋಡಿಸಿಟ್ಟ. ಮೇಲೆ ಮೈಕಿನಲ್ಲಿ ಅವಳ ಪೂರ್ತಿ ಹೆಸರು ಕೇಳಿಸಿತು, ಒಂದು ಸಲ, ಇನ್ನೊಂದು ಸಲ. ಚಪ್ಪಾಳೆ ಶುರುವಾಯಿತು. "ಕಾಯ್ತಿದಾರೆ ಕಣೇ. ಬಾ."

ಇಲ್ಕಾ ಕಾಲುಬೆರಳುಗಳನ್ನು ಬಿಸಿಗೆ ಅರಳಿಸಿದಳು.

"ಬರಲ್ಲ," ಎಂದಳು. "ನಂಗೆ ಬೇಡ."