ಕೊಡತಿಯ ಸದ್ದು

ಟಕ್, ಟಕ್ — ಏನೂ ಅಲ್ಲ, ತಿಮ್ಮಕ್ಕ ಜಗಲಿಯ ಮೇಲೆ ಕೂತು ಕೊಡತಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಾಳೆ, ಬೀಜ ಚಿಮ್ಮಿ ತನ್ನ ಬೂಟಿನ ಮೇಲೆ ಬೀಳುತ್ತಿದೆ, ಅಷ್ಟೇ, ಎಂದು ಕಮಾಂಡರ್ ದೇವೀರಪ್ಪ ತನಗೆ ತಾನೇ ಹೇಳಿಕೊಂಡ, ಬಸ್ತಿಹಳ್ಳಿಯ ಬಿಸಿಲು ಕಣ್ಣಿಗೆ ಜೋಂಪು ಹತ್ತಿಸುತ್ತಿತ್ತು, ಗಾಳಿಯಲ್ಲಿ ಕೆರೆಯ ಪಾಚಿಯ ವಾಸನೆ — ಆ ಕೆರೆಯಲ್ಲೇ ಅಲ್ಲವೇ ತಿಮ್ಮಕ್ಕನ ಮಗ ಜವರಣ್ಣ ಈಜು ಕಲಿಸಲು ಇವನ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗೆ ನೂಕಿದ್ದು, ಬುರುಡೆ ಐತೆ ಕಣ್ಲಾ, ಮುಳುಗಾಕಿಲ್ಲ, ಕಾಲು ಬಡಿ, ಮೊಣಕಾಲುದ್ದ ನೀರಿಗೇ ಅಳುತ್ತಿದ್ದ ಪುಕ್ಕಲ ಮುಂದೆ ಹಡಗು ಆಳುತ್ತಾನೆಂದು ಯಾರು ಎಣಿಸಿದ್ದರು, ಬಾಣಾವರದಲ್ಲಿ ರೈಲು ಹತ್ತಿದ್ದು, ಬೊಂಬಾಯಿಯಲ್ಲಿ ಡೆಕ್ಕು ಉಜ್ಜಿದ್ದು, ಬಿಳಿಯರ ಮೇಜಿನಲ್ಲಿ ಮುದ್ದೆ ನೆನೆಸಿಕೊಂಡು ಚಮಚ ಹಿಡಿದದ್ದು, ತೋಳಿಗೆ ಒಂದು ಚಿನ್ನದ ಪಟ್ಟಿ, ಆಮೇಲೆ ಎರಡು, ಈಗ ಮೂರು, ಊರವರ ಬಾಯಲ್ಲಿ ಹಡಗಿನ ಸಾಹೇಬರು, ಯುದ್ಧ ಶುರುವಾದ ವರ್ಷ ರಜೆಗೆ ಬಂದಾಗ ಬಿಳಿ ಸಮವಸ್ತ್ರಕ್ಕೆ ಮರುಳಾಗಿ ಜವರಣ್ಣ ನಾನೂ ಬತ್ತೀನಿ ಎಂದ, ತಿಮ್ಮಕ್ಕ ಮಗನ ಕೈಯನ್ನು ಇವನ ಕೈಯೊಳಗಿಟ್ಟಳು, ನಿನ್ ಹಡಗಲ್ಲೇ ಇಟ್ಕಳಪ್ಪ, ನಿನ್ ಕಣ್ಮುಂದೆ ಇರ್ಲಿ, ಇಟ್ಟುಕೊಂಡ, ಕೆಳಗೆ, ಬಾಯ್ಲರಿನ ಮನೆಯಲ್ಲಿ — ಟಕ್, ಟಕ್.

ಕಡಲು ಆ ದಿನವೂ ಹೀಗೇ ತೂಕಡಿಸುತ್ತಿತ್ತು, ಟಾರ್ಪಿಡೊ ಬಡಿದು ಹಡಗು ವಾಲಿದಾಗ ಇವನು ಓಡಿ ಕೆಳಗಿಳಿದ, ಬಾಯ್ಲರಿನ ಮನೆಗೆ ನೀರು ನುಗ್ಗುತ್ತಿತ್ತು, ಕಬ್ಬಿಣದ ಬಾಗಿಲು ಹಾಕಿದರೆ ದೋಣಿ ಇಳಿಸುವಷ್ಟು ಹೊತ್ತು ಹಡಗು ತೇಲುತ್ತದೆ, ನೂರಿಪ್ಪತ್ತು ಜನ ಉಳಿಯುತ್ತಾರೆ, ಹಾಕಿ ಎಂದ, ಹಾಕಿದರು, ಒಳಗೆ ಯಾರಿದ್ದಾರೆಂದು ಗೊತ್ತಿದ್ದೂ ಹಾಕಿ ಎಂದ, ಆಮೇಲೆ ಒಳಗಿನಿಂದ ಸದ್ದು, ಸ್ಪ್ಯಾನರಿನದೋ ಮುಷ್ಟಿಯದೋ, ಆ ಸದ್ದಿಗೇ ಮೂರನೆಯ ಪಟ್ಟಿ ಕೊಟ್ಟರು, ನಾಚಿಕೆಯಿಲ್ಲದೆ ಹೊಲಿಸಿಕೊಂಡ, ಊರಿಗೆ ಬರೆದ ಕಾಗದದಲ್ಲಿ ಮಾತ್ರ ಕಾಣೆಯಾಗಿದ್ದಾನೆ ಎಂದಷ್ಟೇ ಬರೆದು ರುಜು ಹಾಕಿದ. ಐದು ವರ್ಷವಾಯಿತು. ಈಗ ತಿಮ್ಮಕ್ಕ ಹಣ್ಣಿನ ನಾರು ಬಿಡಿಸುತ್ತ ಹೇಳುತ್ತಿದ್ದಾಳೆ, ಕಾಣೆ ಅಂತ ನೀನೇ ಬರೆದಿದ್ದಲ್ಲಪ್ಪ, ಈಜು ಬತ್ತಿತ್ತು ನನ್ ಮಗನಿಗೆ, ಯಾವ್ದೋ ದಡ ಸೇರಿರ್ತಾನೆ, ತಿಥಿ ಮಾಡಿ ಅಂತಾರೆ ಊರೋರು, ನಾನು ಮಾಡಾಕಿಲ್ಲ, ಹುಣಸೆಹಣ್ಣಿನ ಬಸ್ಸಾರು ಅಂದ್ರೆ ಪ್ರಾಣ ಅವ್ನಿಗೆ, ಬಂದಾಗ ಮನೇಲಿ ಹಣ್ಣು ಇಲ್ದೆ ಹೋದ್ರೆ, ಟಕ್, ಟಕ್, ಈ ಕುಟ್ಟುವುದೆಲ್ಲ ತಾನು ಬರೆದ ಒಂದು ಮಾತಿಗೆ, ಐದು ವರ್ಷದ ಹಣ್ಣು, ಸುಮ್ಮನಿದ್ದು ಸಂಜೆಯ ರೈಲು ಹಿಡಿದರೆ ಇನ್ನೂ ಐದು ವರ್ಷ ಕುಟ್ಟುತ್ತಾಳೆ, ಬೆನ್ನಿಗೆ ಬುರುಡೆಯಿಲ್ಲದೆ ನೀರಿಗೆ ಧುಮುಕಿದಂತೆ ಹೇಳಿಬಿಟ್ಟ — ತಿಮ್ಮಕ್ಕ, ಜವರ ಒಳಗಿದ್ದ, ಬಾಗಿಲು ಹಾಕಿಸಿದವನು ನಾನೇ.

ಸದ್ದು ನಿಂತಿತು. ಅವಳು ಇವನ ಮುಖ ನೋಡಲಿಲ್ಲ. ಬಾಗಿಲು ಬಡಿದನಾ, ಎಂದಳು. ಬಡಿದ. ಎಷ್ಟೊತ್ತು. ಹೇಳಬೇಕು, ಗಡಿಯಾರ ನೋಡಿದ್ದ, ಗೊತ್ತಿದೆ, ಕೆರೆಯೂ ಇಲ್ಲ ಕಡಲೂ ಇಲ್ಲ, ಕಣ್ಣ ಮುಂದೆ ತಿಮ್ಮಕ್ಕನ ಕೈ, ಕೈಯಲ್ಲಿ ಎತ್ತಿದ ಕೊಡತಿ, ಹುಣಸೆಯ ಎಳೆ ಅಂಟಿದ ಕೊಡತಿ, ಅದು ಕೆಳಗಿಳಿಯುತ್ತಿಲ್ಲ —