ಒಂದು ಮೊಳದ ಗುಂಡಿ

"ಅಲ್ಲಾ ಸಾರ್, ಆ ಸತ್ತೋರಿಗೆ ಅಲ್ಲಿ ಮಾಡೋಕೆ ಕೆಲಸ ಅಂತ ಏನೂ ಇಲ್ವೇ?" ಎಂದು ಎಣ್ಣೆ ಕಂಪನಿಯ ಎಂಜಿನಿಯರ್ ರಾಮಮೂರ್ತಿ ಕೇಳಿದಾಗ ಬದರೀನಾಥನಿಗೆ ಒಳಗೊಳಗೇ ಖುಷಿಯಾಯಿತು. ಇಂಥ ಪ್ರಶ್ನೆ ಬಂದೇ ಬರುತ್ತದೆಂದು ಆಸ್ಟಿನ್ನಿನಿಂದ ಹೊರಟಾಗಲೇ ಅಂದುಕೊಂಡಿದ್ದ. ೧೯೭೩ರ ಯುಗಾದಿ, ಹ್ಯೂಸ್ಟನ್ನಿನ ಯಾವುದೋ ಶಾಲೆಯ ಊಟದ ಹಾಲ್‌ನಲ್ಲಿ ಕನ್ನಡ ಸಂಘದವರು ಅವನ ಭಾಷಣ ಇಟ್ಟುಕೊಂಡಿದ್ದರು. ಹಿಂದುಗಡೆ ಆಗಲೇ ಬಿಸಿಬೇಳೆ ಭಾತಿನ ಪಾತ್ರೆಯ ಮುಚ್ಚಳ ತೆಗೆದಿದ್ದರು. ಅರ್ಧ ಸಭೆಯ ಕತ್ತು ಅತ್ತ ಹೊರಳಿತ್ತು. ಈ ಜನಕ್ಕೆ ಸತ್ತ ಮೇಲೂ ಆಫೀಸು ಬೇಕು, ಪ್ರಮೋಷನ್ ಬೇಕು ಎಂದು ಅವನು ಮನಸ್ಸಿನಲ್ಲೇ ಉಗಿದ.

ಬದರೀನಾಥನಿಗೆ ಗ್ರೀಕ್ ಬರುತ್ತಿತ್ತು. ಅದನ್ನು ಅವನೂ ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ. ಗ್ರೀಕ್ ಮಹಾಕಾವ್ಯದಲ್ಲಿ ಬರುವ ಸತ್ತವರ ಲೋಕದ ಮೇಲೆ ಆರು ವರ್ಷದಿಂದ ಥೀಸಿಸ್ ಬರೆಯುತ್ತಿದ್ದ. ಮುನ್ನೂರು ಪುಟವಾಗಿತ್ತು. ಯುಗಾದಿಯ ದಿನ ಸಾವಿನ ಮಾತೇ ಎಂದು ಸಂಘದವರು ಮುಖ ಸಿಂಡರಿಸಿದಷ್ಟೂ ಅವನಿಗೆ ಅದೇ ವಿಷಯ ಬೇಕೆನಿಸಿತ್ತು.

ಅಲ್ಲಿ ಯಮನಿಲ್ಲ, ಚಿತ್ರಗುಪ್ತನಿಲ್ಲ, ಸತ್ತವರೆಲ್ಲ ಹೊಗೆಯ ಹಾಗೆ ಸುಳಿಯುತ್ತಿರುತ್ತಾರೆ, ರಕ್ತ ಕುಡಿಯದೆ ಅವರಿಗೆ ಬದುಕಿದ್ದವರ ಗುರುತೂ ಹತ್ತುವುದಿಲ್ಲ ಎಂದು ಅವನು ವಿವರಿಸಿದ. ಕಥಾನಾಯಕ ಆ ಲೋಕದ ಅಂಚಿಗೆ ಹೋಗಿ ಕತ್ತಿಯಿಂದ ಒಂದು ಮೊಳದ ಗುಂಡಿ ತೋಡುತ್ತಾನೆ. ಹಾಲು, ಜೇನು, ಮದ್ಯ, ನೀರು ಸುರಿದು ಕುರಿಯ ರಕ್ತ ಹರಿಸುತ್ತಾನೆ. ಮೊದಲು ಬರುವವನು ಮಹಾವೀರನಲ್ಲ, ಹೆತ್ತ ತಾಯಿಯೂ ಅಲ್ಲ, ಅವನದೇ ಹಡಗಿನ ಒಬ್ಬ ಪಡ್ಡೆ ಹುಡುಗ. ಕುಡಿದು ಮಾಳಿಗೆಯಿಂದ ಬಿದ್ದು ಕತ್ತು ಮುರಿದುಕೊಂಡಿದ್ದ. ಸಂಗಡಿಗರು ಅವಸರದಲ್ಲಿ ಹೆಣವನ್ನು ಅಲ್ಲೇ ಬಿಟ್ಟು ಬಂದಿದ್ದರು. ನನ್ನ ಸಂಸ್ಕಾರ ಮಾಡಿ, ಬದುಕಿದ್ದಾಗ ನಾನು ಹಿಡಿದಿದ್ದ ದೋಣಿಯ ಹುಟ್ಟನ್ನು ನನ್ನ ಗುಡ್ಡೆಯ ಮೇಲೆ ನೆಡಿ ಎಂದು ಬೇಡುತ್ತಾನೆ. ಇಲ್ಲಿ ಬದರೀನಾಥ ದನಿಯನ್ನು ಸ್ವಲ್ಪ ನಡುಗಿಸಿದ. ಕನ್ನಡಿಯ ಮುಂದೆ ಎರಡು ಸಲ ನಡುಗಿಸಿ ನೋಡಿಕೊಂಡೇ ಬಂದಿದ್ದ. ಮುಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಅವನಿಗೆ ಅದರ ಮೇಲೂ ತಾತ್ಸಾರ ಬಂತು.

ಊಟದ ಸಾಲಿನಲ್ಲಿ ಅವನ ಹಿಂದೆ ಬಂದು ನಿಂತವರು ಚಂದ್ರಪ್ರಭಾ. ಗದಗಿನ ಕಡೆಯವರು, ಡಲ್ಲಾಸಿನ ಪಕ್ಕದ ಇರ್ವಿಂಗ್‌ನಲ್ಲಿ ಮನೆ, ಮಕ್ಕಳ ಡಾಕ್ಟರು. ಶುಕ್ರವಾರ ಊರಿಗೆ ಹೊರಟಿದ್ದರು. ಹೋದ ವರ್ಷ ತೀರಿಕೊಂಡ, ಬದರೀನಾಥನ ಜೊತೆಗಾರ ಚನ್ನಬಸಪ್ಪನ ತಂದೆ ಹಾಲಪ್ಪನವರು ಅವರಿಗೆ ಕಾಗದ ಬರೆದಿದ್ದರು. ಮಗನ ಸಮಾಧಿಯ ಒಂದು ಹಿಡಿ ಮಣ್ಣು ತಂದುಕೊಡಬೇಕಂತೆ.

"ನಾಳೆ ಆಸ್ಟಿನ್ ಮ್ಯಾಲೆ ಹಾದು ಡಲ್ಲಾಸಿಗೆ ಹೋಗ್ತೀನ್ರಿ. ಅವನ್ನ ಎಲ್ಲಿ ಇಟ್ಟೀರಿ, ಜಾಗಾ ತೋರಸ್ರಿ," ಎಂದರು.

"ಬನ್ನಿ, ಅದಕ್ಕೇನಂತೆ," ಎಂದ ಬದರೀನಾಥ. ತಟ್ಟೆಯಲ್ಲಿದ್ದ ಭಾತನ್ನು ಮುಟ್ಟಲಿಲ್ಲ.

ಚನ್ನಬಸಪ್ಪ ಎರಡು ವರ್ಷ ಅವನ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವನು. ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ, ಭಾನುವಾರಕ್ಕೊಮ್ಮೆ ಜೋಳದ ರೊಟ್ಟಿ ಬಡಿಯುತ್ತಿದ್ದ. ಹೋದ ಆಗಸ್ಟಿನಲ್ಲಿ ಡಲ್ಲಾಸಿನಿಂದ ಡ್ರೈವ್ ಮಾಡಿಕೊಂಡು ಬರುತ್ತ ಟ್ರಕ್ಕಿಗೆ ಸಿಕ್ಕು ಸತ್ತ. ಶವಸಂಸ್ಕಾರದ ಕಂಪನಿಯವನು ಹೂಳುವುದೋ ಸುಡುವುದೋ ಎಂದು ಕೇಳಿದಾಗ ಬದರೀನಾಥ ಸುಡುವುದಕ್ಕೆ ಸಹಿ ಹಾಕಿದ. ಎರಡು ನಿಮಿಷದ ಕೆಲಸ. ಲಿಂಗಾಯತರಲ್ಲಿ ಮಣ್ಣು ಮಾಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ನೆನಪು ಮಾಡಿಕೊಳ್ಳುವ ತಾಪತ್ರಯ ಬೇಡವಾಗಿತ್ತು, ಮಧ್ಯಾಹ್ನ ಸೆಮಿನಾರಿತ್ತು. ಮಗನಿಗೆ ಮಣ್ಣು ಕೊಟ್ಟಿರೋ ಇಲ್ಲವೋ ಎಂದು ಹಾಲಪ್ಪನವರ ಕಾಗದ ಬಂದಾಗ, ಓಕ್ ಮರದ ನೆರಳಲ್ಲಿ ಇಟ್ಟಿದ್ದೇವೆ ಎಂದು ಬರೆದು ಕೈತೊಳೆದುಕೊಂಡ. ಬೂದಿಯ ಡಬ್ಬಿ ಎಂಟು ತಿಂಗಳಿಂದ ಅಲಮಾರಿನಲ್ಲಿ, ಚಳಿಗಾಲದ ಬೂಟುಗಳ ಪಕ್ಕದಲ್ಲಿತ್ತು.

ಪಾಯಸಕ್ಕೂ ನಿಲ್ಲದೆ ಅವನು ಆಸ್ಟಿನ್ನಿಗೆ ಕಾರು ಓಡಿಸಿದ. ಬಿಸಿಲಿರುವಾಗಲೇ ಅಪಾರ್ಟ್‌ಮೆಂಟಿನ ಹಿಂದಿನ ಓಕ್ ಮರದ ಬುಡದಲ್ಲಿ ಅಗೆಯಲು ಕೂತ. ಸಲಿಕೆ ಇರಲಿಲ್ಲ. ಕಾರಿನ ಚಕ್ರ ಬಿಚ್ಚುವ ಕಬ್ಬಿಣ ಮತ್ತು ಒಂದು ಸೌಟು. ನಾಲ್ಕು ಬೆರಳು ಆಳಕ್ಕೇ ಸುಣ್ಣದ ಕಲ್ಲು ಸಿಕ್ಕಿತು. ಒಂದು ಮೊಳದ ಗುಂಡಿಯ ಮೇಲೆ ನಲವತ್ತು ಪುಟ ಬರೆದ ಪಂಡಿತನಿಗೆ ಒಂದು ಮೊಳ ಎಂದರೆ ಎಷ್ಟು ಆಳವೆಂಬುದು ಅವತ್ತು ತಿಳಿಯಿತು. ಡಬ್ಬಿಯನ್ನು ಇಳಿಸಿ, ಮಣ್ಣು ಮುಚ್ಚಿ, ಮೇಲೆ ತರಗೆಲೆ ಹರಡಿದ. ಹಳೆಯದಾಗಿ ಕಾಣಲೆಂದು ಕಾಲಿನಿಂದ ತುಳಿದ. ಥೂ, ತುಳಿದೇಬಿಟ್ಟ.

ಮರುದಿನ ಹತ್ತು ಗಂಟೆಗೆ ಚಂದ್ರಪ್ರಭಾ ಬಂದರು. ಕೈಯಲ್ಲಿ ತೊಳೆದ ಕಾಫಿ ಡಬ್ಬಿ. ಮರದಡಿ ಚಪ್ಪಲಿ ಬಿಟ್ಟು, ಕೂತು, ತರಗೆಲೆ ಸರಿಸಿದರು. ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿದರು. ಬದರೀನಾಥನ ಉಗುರುಗಳನ್ನೂ ನೋಡಿದರು.

"ಲಿಂಗ ಕೈಯಾಗ ಕೊಟ್ಟ ಇಟ್ಟೀರಿಲ್ರಿ?"

ಆಸ್ಪತ್ರೆಯವರು ಕೊಟ್ಟಿದ್ದ ಕಂದು ಲಕೋಟೆ ಬದರೀನಾಥನ ಮೇಜಿನ ಡ್ರಾಯರಿನಲ್ಲಿತ್ತು. ಅದರಲ್ಲಿ ಒಂದು ಗಡಿಯಾರ, ಮತ್ತು ಚನ್ನಬಸಪ್ಪ ಸ್ನಾನಕ್ಕೆ ಹೋದಾಗಲೂ ಕೊರಳಿಂದ ತೆಗೆಯದ ಬೆಳ್ಳಿಯ ಕರಡಿಗೆ. ಒಳಗೆ ಅವನ ಲಿಂಗ. ಅದರ ಮೇಲೆ ಥೀಸಿಸ್ಸಿನ ಮೂರನೆಯ ಅಧ್ಯಾಯ ಕೂತಿತ್ತು.

ಒಂದು ಗಳಿಗೆ ಸುಳ್ಳಿಗಾಗಿ ಹುಡುಕಿದ. ಸಿಗಲಿಲ್ಲ. ಒಳಗೆ ಹೋಗಿ ಲಕೋಟೆ ತಂದು ಅವರ ಮುಂದಿಟ್ಟ. ಸುಟ್ಟದ್ದು, ಬೂಟುಗಳ ಪಕ್ಕ ಇಟ್ಟದ್ದು, ನಿನ್ನೆ ತೋಡಿದ್ದು ಎಲ್ಲವನ್ನೂ ಹೇಳಿದ. ನಮ್ಮಲ್ಲಿ ಸುಡುತ್ತಾರಲ್ಲ, ಹಾಗಾಗಿ ಎಂದು ಶುರು ಮಾಡಿ ಅಷ್ಟಕ್ಕೇ ನಿಲ್ಲಿಸಿದ.

ಚಂದ್ರಪ್ರಭಾ ಲಕೋಟೆಯಿಂದ ಕರಡಿಗೆ ತೆಗೆದು ಅಂಗೈಯಲ್ಲಿ ಹಿಡಿದರು. ಅವರು ದನಿ ಏರಿಸಲಿಲ್ಲ.

"ಮೂರು ಸಾವಿರ ವರ್ಷದ ಹಿಂದ ಸತ್ತವರು ಏನು ಬೇಡಿದ್ರು ಅಂತ ನಿಮಗ ಬಾಯಿಪಾಠ ಐತಿ. ಎರಡು ವರ್ಷ ನಿಮ್ಮ ಎದುರಿಗೆ ಕೂತು ಉಂಡವನ್ನ ಒಂದು ಮಾತು ಕೇಳಲಿಲ್ಲಲ್ರಿ."

ಬದರೀನಾಥ ಗುಂಡಿಯನ್ನು ಮತ್ತೆ ತೆರೆದ. ಈ ಸಲ ಕೈಯಿಂದ. ಡಬ್ಬಿಯ ಮುಚ್ಚಳ ತೆಗೆದು ಬೂದಿಯನ್ನು ಮಣ್ಣಿಗೆ ಬಿಟ್ಟ. ಚಂದ್ರಪ್ರಭಾ ಕರಡಿಗೆಯನ್ನು ಹಣೆಗೊತ್ತಿಕೊಂಡು ಅದರ ಮೇಲಿಟ್ಟರು. ಮುಚ್ಚಿದ ಮೇಲೆ ಒಂದು ಹಿಡಿ ಮಣ್ಣನ್ನು ಕಾಫಿ ಡಬ್ಬಿಗೆ ತುಂಬಿಕೊಂಡರು.

"ಇದನ್ನ ಒಯ್ತೀನಿ. ಏನಂತ ಹೇಳಿ ಕೊಡ್ಲಿ ಅನ್ನೋದು ನೀವ ಬರದು ಕೊಡ್ರಿ. ನಾ ನಿಂತಿರ್ತೀನಿ," ಎಂದರು.

ಬದರೀನಾಥ ಅವರ ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರಡಿದ. ಪೂಜ್ಯ ಹಾಲಪ್ಪನವರಿಗೆ, ಎಂದು ಬರೆದ. ತಗಡು ಆಗಲೇ ಬಿಸಿಲಿಗೆ ಕಾದಿತ್ತು, ಹಾಳೆ ಹಾರದಂತೆ ಎಡಗೈಯಿಂದ ಅದುಮಿ ಹಿಡಿದಿದ್ದ. ಕೈ ಎತ್ತಿದಾಗ ಹೆಸರಿನ ಕೆಳಗೆ ಅವನ ಐದು ಬೆರಳೂ ಮಣ್ಣಿನಲ್ಲಿ ಮೂಡಿದ್ದವು. ಬೇರೆ ಹಾಳೆ ತರುತ್ತೇನೆಂದ.

"ಬ್ಯಾಡ್ರಿ, ಅದರಾಗ ಬರೀರಿ," ಎಂದರು ಚಂದ್ರಪ್ರಭಾ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು.