ಚೀಟಿಯ ಮೂರನೆಯ ಪ್ರಶ್ನೆ

ಹನ್ನೊಂದು ವರ್ಷ ಈ ಶಾಲೆಯ ಲೈಬ್ರರಿಯಲ್ಲಿ ಕೂತು ನಾನು ಮಕ್ಕಳ ತಲೆಗೆ ತುಂಬಿದ್ದು ಒಂದೇ ವಿಷಯ. ಇಂಟರ್‌ನೆಟ್ಟಿನಲ್ಲಿ ಕಂಡದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ನಂಬಬೇಡಿ. ಪುಸ್ತಕ ಕೇಳಿಕೊಂಡು ಬರುವವರು ಕಡಿಮೆಯಾದ ಮೇಲೆ ಶಾಲೆಯವರು ಒಂಬತ್ತು ಕಂಪ್ಯೂಟರ್ ತಂದು ಕಪಾಟುಗಳ ನಡುವೆ ಇಟ್ಟು, "ಇದನ್ನೂ ನೀವೇ ನೋಡ್ಕೊಳ್ಳಿ" ಅಂದರು. ನೋಡಿಕೊಂಡೆ. ಹನ್ನೊಂದು ವರ್ಷವೂ ತಾತ್ಕಾಲಿಕ ನೌಕರಿಯಲ್ಲೇ ನೋಡಿಕೊಂಡೆ.

ನನ್ನ ಪಾಠದಲ್ಲಿ ಒಂದು ಹಳದಿ ಚೀಟಿ ಇರುತ್ತದೆ. ಮಕ್ಕಳು ಏನೇ ಹುಡುಕಿ ಬರೆದರೂ ಹಾಳೆಯ ಹಿಂದೆ ಅದನ್ನು ಅಂಟಿಸಬೇಕು. ಅದರಲ್ಲಿ ನಾಲ್ಕು ಪ್ರಶ್ನೆ. ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದರು? ಹೇಳಿದ್ದರಿಂದ ಅವರಿಗೇನು ಲಾಭ? ಇದನ್ನೇ ಬೇರೆ ಯಾರು ಹೇಳುತ್ತಾರೆ? ನಾಲ್ಕಕ್ಕೂ ಉತ್ತರವಿದ್ದರೆ ನಾನು ಓದಿ 'ಪರಿಶೀಲಿಸಲಾಗಿದೆ' ಎಂಬ ದುಂಡನೆಯ ನೀಲಿ ಸೀಲು ಒತ್ತುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಬೇಕು, ಊಹೆ ಮಾಡಿ ಬರೆದವರ ಹಾಳೆಯನ್ನು ಮುಖ ಮುರಿದ ಹಾಗೆ ವಾಪಸು ಕೊಡುತ್ತೇನೆ. ನನ್ನ ಬಾಯಿಗೆ ಇಡೀ ಶಾಲೆ ಹೆದರುತ್ತಿತ್ತು.

ಹೆದರದವಳು ಒಬ್ಬಳೇ, ಕೊನೇ ವರ್ಷದ ಒಬ್ಬ ಹುಡುಗಿ. ಅವಳಿಗೆ ಜರಡಿ ಅಂತ ಹೆಸರಿಟ್ಟವಳು ನಾನೇ. ಏನು ಕೊಟ್ಟರೂ ಸೋಸಿಯೇ ತೆಗೆದುಕೊಳ್ಳುವ ಜಾತಿ. ಒಮ್ಮೆ ನಾನು ಪಾಠದಲ್ಲಿ ಹೇಳಿದ ಇಸವಿಯನ್ನೇ ತಪ್ಪೆಂದು ತೋರಿಸಿದ್ದಳು. ಬೈದೆ, ಆಮೇಲೆ ಮನೆಗೆ ಹೋಗಿ ಗಂಡನ ಮುಂದೆ ಅವಳನ್ನು ಹೊಗಳಿದೆ. ಅವಳಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಕಾಲೇಜೊಂದು ಅವಳಿಗೆ ಸೀಟು ಕೊಡುವುದಾಗಿ ಬರೆದಿತ್ತು. ಶಾಲೆಯಿಂದ ನಡತೆ ಪತ್ರ ಒಂದು ಹೋಗುವುದು ಬಾಕಿ ಇತ್ತು.

ಪೋಷಕರ ದಿನಕ್ಕೆ ಲೈಬ್ರರಿಯ ಗೋಡೆ ತುಂಬ ಮಕ್ಕಳ ಹಾಳೆ ಹಚ್ಚುವುದು ವಾಡಿಕೆ. ಈ ಸಲ ವಿಷಯ, 'ನಾನು ಪರೀಕ್ಷಿಸಿದ ಒಂದು ವೆಬ್‌ಸೈಟ್'. ಹಿಂದಿನ ಮಧ್ಯಾಹ್ನ ನಲವತ್ತೆರಡು ಹಾಳೆ ನನ್ನ ಮೇಜಿನ ಮೇಲಿದ್ದವು. ಅತ್ತ ಪ್ರಿನ್ಸಿಪಾಲರು ಕುರ್ಚಿ ಜೋಡಿಸಿ ಅಂತ ಪ್ಯೂನ್ ಮೇಲೆ ಪ್ಯೂನ್ ಕಳಿಸುತ್ತಿದ್ದರು. ಹತ್ತು ಹಾಳೆ ಓದಿದೆ. ಉಳಿದವುಗಳ ಚೀಟಿಗೆ ಸುಮ್ಮನೆ ಟಪ್ ಟಪ್ ಅಂತ ಸೀಲು ಒತ್ತಿಬಿಟ್ಟೆ. ನೋಡಿ ನಂಬಿ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು ಮೂವತ್ತೆರಡು ಹಾಳೆಗಳನ್ನು ನೋಡದೆ ನಂಬಿದೆ.

ಜರಡಿ ಪರೀಕ್ಷಿಸಿದ್ದು ನಮ್ಮ ಶಾಲೆಯದೇ ವೆಬ್‌ಸೈಟನ್ನು.

'ನಮ್ಮ ಸುಸಜ್ಜಿತ ಪ್ರಯೋಗಾಲಯ' ಎಂಬ ಚಿತ್ರ ಎಂಟು ವರ್ಷದ ಹಿಂದೆಯೇ ಮೇಜು-ಸ್ಟೂಲು ಮಾಡುವ ಕಂಪನಿಯೊಂದರ ಪುಟದಲ್ಲಿತ್ತು. ಶಾಲೆಯನ್ನು ಹಾಡಿ ಹೊಗಳಿದ 'ಹಳೆಯ ವಿದ್ಯಾರ್ಥಿ' ಇನ್ನೊಂದು ಕಡೆ ಅದೇ ನಗು ನಗುತ್ತ ಟೂತ್‌ಪೇಸ್ಟ್ ಮಾರುತ್ತಿದ್ದ. ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ, ಕೆಳಗೆ ಮುದ್ದಾದ ಅಕ್ಷರದಲ್ಲಿ ತಾರೀಖು ಬರೆದಿದ್ದಳು. ಪೋಷಕರೊಬ್ಬರು ಹಾಳೆಯ ಫೋಟೋ ಹೊಡೆದುಕೊಂಡರು. ಸಂಜೆಯೊಳಗೆ ಅದು ಎಲ್ಲರ ಫೋನಿನಲ್ಲಿತ್ತು.

ಆಗ ನಾನು ಮಾಡಬೇಕಾದ ಕೆಲಸ ಮಾಡಿದೆ, ತಡವಾಗಿ. ಕಂಪ್ಯೂಟರ್ ಮುಂದೆ ಕೂತು ಎರಡೂ ಚಿತ್ರ ಹುಡುಕಿದೆ. ಐದು ನಿಮಿಷ ಹಿಡಿಯಿತು. ಹುಡುಗಿ ಬರೆದದ್ದು ಅಕ್ಷರಶಃ ನಿಜ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಈ ತಿಂಗಳು ನಿನ್ನ ಕಾಯಂ ಆರ್ಡರ್ ಬರೋದಿದೆ. ಊರ ಉಸಾಬರಿ ನಿನಗ್ಯಾಕೆ?" ಅಂದರು.

"ಊರಿನದ್ದಲ್ಲರೀ, ನನ್ನ ಸೀಲಿದೆ ಅದರ ಮೇಲೆ."

"ಹಾಗಾದ್ರೆ ಇನ್ನೂ ಬಾಯಿ ಮುಚ್ಕೊಂಡಿರು."

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಜರಡಿ ಗೋಡೆ ಪಕ್ಕ ನಿಂತಿದ್ದಳು. ಅವಳಪ್ಪ ಕುರ್ಚಿಯ ತುದಿಯಲ್ಲಿ ಕೂತು, ಉಗುರಿನ ಸಂದಿಯ ಗ್ರೀಸನ್ನು ಮರೆಮಾಡಲು ಕೈ ಮಡಚಿಕೊಂಡಿದ್ದ. ಮೇಜಿನ ಮೇಲೆ ಹಾಳೆ ಮಗುಚಿ ಬಿದ್ದಿತ್ತು, ನೀಲಿ ಸೀಲು ಮೇಲಕ್ಕಿತ್ತು.

"ಈ ಸೀಲು ನಿಮ್ದೇ ಅಲ್ವಾ?" ಪ್ರಿನ್ಸಿಪಾಲರು ನಯವಾಗಿಯೇ ಕೇಳಿದರು.

"ಹೌದು ಸರ್."

"ಶಾಲೆ ಮರ್ಯಾದೆ ಕಳೆಯೋ ಇಂಥದ್ದನ್ನ ನೀವು ಓದಿ, ಸರಿ ಅಂತ ಸೀಲು ಹಾಕಿರೋದಿಲ್ಲ. ನಿಮ್ಮನ್ನ ಇಷ್ಟು ವರ್ಷದಿಂದ ಬಲ್ಲೆ."

"ಓದಿರ್ಲಿಲ್ಲ ಸರ್." ಅದು ನಿಜವೇ.

"ಅದೇ ನಾನು ಹೇಳಿದ್ದು." ಅವರು ಹಿಂದಕ್ಕೆ ಒರಗಿದರು. "ಸೀಲು ಯಾವಾಗಲೂ ಮೇಜಿನ ಮೇಲೇ ಇರುತ್ತಾ? ಯಾರ ಕೈಗೆ ಬೇಕಾದ್ರೂ ಸಿಗೋ ಹಾಗೆ?"

ಅವರು ಎಲ್ಲಿಗೆ ಹೊರಟಿದ್ದಾರೆಂದು ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಯಾರ ಮುಂದೆಯೂ ಹೇಳಲಾರೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಹೆದರಿಕೆಯಿಲ್ಲದೆ. ಮಿಸ್ ಬಂದರಲ್ಲ, ಇನ್ನೇನು, ಎಂಬ ನೋಟ.

"ಇರುತ್ತೆ ಸರ್," ಅಂದೆ.

ಅಷ್ಟೇ ಅಂದದ್ದು. ಸುಳ್ಳು ಹೇಳಲಿಲ್ಲ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಅಪಾಯ ಎಂದು ಪ್ರತಿ ವರ್ಷ ಎರಡನೇ ಪಾಠದಲ್ಲಿ ಕಲಿಸುವವಳು ನಾನು.

"ಮಿಸ್, ನೀವೇ ಒತ್ತಿದ್ದು," ಅಂದಳು ಜರಡಿ. ನಾನು ಮೇಜಿನ ಮೇಲಿನ ಪೆನ್ ಸ್ಟ್ಯಾಂಡ್ ನೋಡುತ್ತ ನಿಂತೆ. ಅವಳಪ್ಪ ಎದ್ದು ಕೈ ಮುಗಿದ. "ತಪ್ಪಾಯ್ತು ಸಾರ್, ಇದೊಂದ್ಸಲ ಬಿಟ್ಬಿಡಿ. ಏಯ್, ತಪ್ಪಾಯ್ತು ಅನ್ನು."

"ಮಾಡದೇ ಇರೋದಕ್ಕೆ ಹ್ಯಾಗಪ್ಪಾ ಅನ್ಲಿ?"

ನಡತೆ ಪತ್ರದಲ್ಲಿ ಒಂದು ಸಾಲು ಸೇರಿತು: 'ಶಾಲೆಯ ಸೀಲನ್ನು ದುರುಪಯೋಗಪಡಿಸಿಕೊಂಡಿದ್ದಾಳೆ.' ಕಾಲೇಜಿನವರು ಸೀಟು ಕೊಡಲಿಲ್ಲ. ಆ ಸಾಲು ಹೇಳಿದವರು ಯಾರು, ಯಾವಾಗ ಎಂದು ಅವರೇಕೆ ಕೇಳುತ್ತಾರೆ? ಅವರಿಗೆ ನಾನು ಪಾಠ ಮಾಡಿರಲಿಲ್ಲ. ವೆಬ್‌ಸೈಟಿನಲ್ಲಿ ಟೂತ್‌ಪೇಸ್ಟಿನವನು ಮಾತ್ರ ಹೋದ, ಪ್ರಯೋಗಾಲಯ ಇನ್ನೂ ಇದೆ. ನನ್ನ ಆರ್ಡರೂ ಬಂತು. ಗಂಡ ಸಿಹಿ ತಂದರು, ನಾನು ತಿಂದೆ.

ಎರಡು ವಾರ ಕಳೆದ ಮೇಲೆ ಜರಡಿ ಪುಸ್ತಕ ವಾಪಸು ಮಾಡಲು ಬಂದಳು. ಮೂರು ಪುಸ್ತಕ, ಲೈಬ್ರರಿ ಕಾರ್ಡು, ಅದರ ಮೇಲೊಂದು ಹಳದಿ ಚೀಟಿ. ಅಕ್ಷರ ಎಂದಿನಂತೆ ಮುದ್ದಾಗಿತ್ತು.

ಹೇಳಿಕೆ: ಸೀಲನ್ನು ಹುಡುಗಿಯೇ ಒತ್ತಿಕೊಂಡಳು.

ಹೇಳಿದವರು ಯಾರು? ಯಾರೂ ನೇರವಾಗಿ ಹೇಳಲಿಲ್ಲ. ಲೈಬ್ರರಿ ಮಿಸ್ 'ಇರುತ್ತೆ' ಅಂದರು.

ಯಾವಾಗ? ಪೋಷಕರ ದಿನದ ಮರುದಿನ, ಬೆಳಿಗ್ಗೆ ಹತ್ತೂವರೆ.

ಬೇರೆ ಯಾರು ಹೇಳುತ್ತಾರೆ? ಈಗ ಎಲ್ಲರೂ. ನಮ್ಮಪ್ಪನೂ.

ಮೂರನೆಯದು, ಹೇಳಿದ್ದರಿಂದ ಅವರಿಗೇನು ಲಾಭ ಎಂಬುದು, ಖಾಲಿ ಇತ್ತು.

"ಇದು ಯಾಕೆ ಬರೀಲಿಲ್ಲ?" ಅಂದೆ. ಅಭ್ಯಾಸಬಲ, ಇನ್ನೇನು.

"ನಂಗೆ ಗೊತ್ತಿಲ್ಲ ಮಿಸ್. ಗೊತ್ತಿಲ್ಲದ್ದನ್ನ ಊಹೆ ಮಾಡಿ ಬರೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ನಿಮಗೆ ಗೊತ್ತಿದ್ರೆ ನೀವೇ ತುಂಬಿ."

ಅವಳು ವ್ಯಂಗ್ಯವಾಡಿದ್ದರೆ ಬೈದು ಕಳಿಸುತ್ತಿದ್ದೆ. ಅವಳು ನಿಜವಾಗಿ ಕೇಳುತ್ತಿದ್ದಳು, ಪೆನ್ನು ಮುಂದಕ್ಕೆ ಹಿಡಿದು ಕಾಯುತ್ತಿದ್ದಳು. ಆರ್ಡರ್ ಅದೇ ಮೇಜಿನ ಡ್ರಾಯರಿನಲ್ಲಿತ್ತು. ನನಗೆ ನಾಚಿಕೆಯಾಯಿತು. ಆದರೂ, "ಬೆಲ್ ಆಯ್ತು, ಹೊರಡು" ಅಂದೆ. ಬೆಲ್ ಆಗಿರಲಿಲ್ಲ.

ಹೊಸ ವರ್ಷದ ತರಗತಿಗೆ ಹೊಸ ಚೀಟಿ ಅಚ್ಚು ಮಾಡಿಸಿದ್ದೇನೆ. ಸೀಲು ಈಗ ಬೀಗದೊಳಗಿರುತ್ತದೆ. ಪ್ರತಿ ಹಾಳೆಯನ್ನೂ ಮೊದಲಿಂದ ಕೊನೆಯವರೆಗೆ ಓದಿಯೇ ಒತ್ತುತ್ತೇನೆ. ಚೀಟಿಯಲ್ಲಿ ಮಾತ್ರ ಮೂರೇ ಪ್ರಶ್ನೆ ಇವೆ. ಹೇಳಿದವರು ಯಾರು, ಯಾವಾಗ, ಬೇರೆ ಯಾರು ಹೇಳುತ್ತಾರೆ. ಮಕ್ಕಳಿಗೆ ಅಷ್ಟು ಸಾಕು ಎಂದು ಪ್ರಿನ್ಸಿಪಾಲರೂ ಒಪ್ಪಿದರು.